ಬೆರಕೆ ಅಕ್ಕಿಯ ಮದುವೆಯೂಟ

ನಮ್ಮ ಯಜಮಾನರು ಕರುಣಾಕರ್ ದಿನಕ್ಕೆ ಏನಿಲ್ಲವೆಂದರೂ ಹತ್ತು ಸಲ ಹೇಳುವ ಮಾತೊಂದಿದೆ: "ತಂದೆ ನೋಡ್ಕೊತಾನೆ." ಗ್ಯಾಸ್ ಮುಗಿದರೂ ಅದೇ, ನಲ್ಲಿಯಲ್ಲಿ ನೀರು ಬಾರದಿದ್ದರೂ ಅದೇ, ಅವರ ಮೋಟಾರ್ ರಿಪೇರಿ ಅಂಗಡಿಯತ್ತ ವಾರಗಟ್ಟಲೆ ಒಬ್ಬ ಗಿರಾಕಿಯೂ ತಲೆಹಾಕದಿದ್ದರೂ ಅದೇ. ಹೇಳುವುದನ್ನು ಹೇಳಿ ಕಾಲು ಚಾಚಿ ಕೂರುತ್ತಾರೆ. ಆಮೇಲೆ ಗ್ಯಾಸ್ ಬುಕ್ ಮಾಡುವವಳು ನಾನು, ನೀರಿನ ಟ್ಯಾಂಕರ್‌ನವನಿಗೆ ಫೋನಿನಲ್ಲಿ ಬೈಯುವವಳು ನಾನು, ಬೆಳಕು ಹರಿಯುವ ಮುಂಚೆ ಎದ್ದು ತಟ್ಟೆ ಇಡ್ಲಿ ಬೇಯಿಸಿ ಮಾರಿ ಸಂಸಾರ ತೂಗಿಸುವವಳೂ ನಾನೇ. ಎಲ್ಲ ಸರಿಹೋದ ಮೇಲೆ ಇವರು ಬಂದು, "ನೋಡಿದ್ಯಾ ರತ್ನ, ತಂದೆ ನೋಡ್ಕೊಂಡ್ನಲ್ಲ!" ಅನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ನನ್ನ ಬೆವರೆಲ್ಲ ಯಾರ ಹೆಸರಿಗೆ ಜಮೆಯಾಗಿದೆ ಎಂಬುದು ಆ ಪರಲೋಕದ ತಂದೆಗೇ ಗೊತ್ತು.

ಹಾಗೆಂದು ನಾನೇನೂ ದೇವರನ್ನು ನಂಬದವಳಲ್ಲ. ತುಮಕೂರಿನ ನಮ್ಮ ಚರ್ಚಿನ ಮಹಿಳಾ ಸಂಘಕ್ಕೆ ನಾನೇ ಕಾರ್ಯದರ್ಶಿ. ಜ್ವರ ಬಂದಾಗ ಬಿಟ್ಟರೆ ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ. ಆದರೆ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಎದ್ದು ನಿಂತು ಹೇಳುವಾಗ ಮೊದಲ ಮಾತಿಗೇ ನನ್ನ ಬಾಯಿ ಕಟ್ಟಿಹೋಗುತ್ತದೆ. ಸಭೆಯೆಲ್ಲ ತಂದೆಯೇ ಎಂದು ಕರೆಯುವಾಗ ನಾನು ಸುಮ್ಮನಿದ್ದು, ಮುಂದಿನ ಸಾಲಿಗೆ ಸೇರಿಕೊಳ್ಳುತ್ತೇನೆ. ಇದು ಯಾರಿಗೂ ಗೊತ್ತಿಲ್ಲ. ಗುಬ್ಬಿ ಕಡೆಯ ಕಡಬದಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಮನೆಯ ಅಕ್ಕಿಯನ್ನು ಚೀಲಸಮೇತ ಹೊತ್ತುಕೊಂಡು ಹೋಗಿ ಮಾರಿ ಕುಡಿದು ಬರುತ್ತಿದ್ದ. ಅವ್ವ ಒಂದಿಷ್ಟು ಅಕ್ಕಿಯನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ದನದ ಕೊಟ್ಟಿಗೆಯ ಹುಲ್ಲಿನಡಿ ಬಚ್ಚಿಡುತ್ತಿದ್ದಳು. ಕಾವಲಿಗೆ ನಾನು. ಹೀಗಾಗಿ ತಂದೆಯೆಂದರೆ ನನ್ನ ಪಾಲಿಗೆ ಅನ್ನ ಕೊಡುವವನಲ್ಲ. ಅವನ ಕಣ್ಣಿಗೆ ಬೀಳದ ಹಾಗೆ ಅಕ್ಕಿ ಬಚ್ಚಿಟ್ಟರೆ ಮಾತ್ರ ಅನ್ನ. ಇದನ್ನು ನಮ್ಮ ಯಜಮಾನರಿಗೆ ಹೇಳಿದರೆ, "ಆ ತಂದೆ ಹಂಗಲ್ಲ ಕಣೇ" ಅನ್ನುತ್ತಾರೆ. ಹಂಗಲ್ಲ ಅಂತ ನನಗೂ ಗೊತ್ತು. ಬಾಯಿಗೆ ಗೊತ್ತಾಗಬೇಕಲ್ಲ!

ಸಂಘದಲ್ಲಿ ನನಗಿರುವ ದೊಡ್ಡ ತಲೆನೋವು ಹಿಡಿ ಅಕ್ಕಿ. ನಮ್ಮ ಸಭೆಯ ಹೆಂಗಸರು ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ದೇವರ ಪಾಲೆಂದು ಬೇರೆ ಡಬ್ಬಿಗೆ ಹಾಕಿಟ್ಟು, ತಿಂಗಳಿಗೊಮ್ಮೆ ಚರ್ಚಿಗೆ ತಂದು ಚೀಲಕ್ಕೆ ಸುರಿಯುತ್ತಾರೆ. ಕಷ್ಟದಲ್ಲಿರುವ ಮನೆಗಳಿಗೆ ಅದು ಹೋಗುತ್ತದೆ. ಪದ್ಧತಿಯೇನೋ ಚೆನ್ನಾಗಿದೆ, ಅಕ್ಕಿಯನ್ನು ನೋಡಬೇಕು ನೀವು. ಒಬ್ಬಳದು ಸೋನಾ ಮಸೂರಿ, ಇನ್ನೊಬ್ಬಳದು ರೇಷನ್ ಅಕ್ಕಿ, ಮತ್ತೊಬ್ಬಳದು ದೋಸೆ ಅಕ್ಕಿ, ಹಳೆಯದರ ಜೊತೆಗೆ ಹೊಸದು. ಅನ್ನ ಮಾಡಿದರೆ ಅರ್ಧ ಅಂಟಿನ ಮುದ್ದೆ, ಅರ್ಧ ಹಲ್ಲಿಗೆ ಸಿಗುವ ಕಲ್ಲು. "ದೇವ್ರಿಗೆ ಕೊಡೋದನ್ನಾದ್ರೂ ಒಂದೇ ತರದ್ದು ಕೊಡ್ರಮ್ಮ" ಎಂದು ಗುಬ್ಬಿ, ಕುಣಿಗಲ್ ಸಂಘದವರೂ ಸೇರುವ ಪ್ರತಿ ಮೀಟಿಂಗಿನಲ್ಲೂ ಬಡಕೊಂಡಿದ್ದೇನೆ. ಒಬ್ಬರೂ ಕಿವಿಗೆ ಹಾಕಿಕೊಂಡಿಲ್ಲ.

ಈಗ ಮದುವೆಯ ಸಂಗತಿಗೆ ಬರುತ್ತೇನೆ. ನಮ್ಮ ಒಬ್ಬಳೇ ಮಗಳು ಸಿಂಚನಾಗೆ ಮೈಸೂರಿನ ಹುಡುಗ ಗೊತ್ತಾದ. ಬೀಗರು ಒಳ್ಳೆಯವರೇ, ಆದರೆ ಊಟದ ವಿಷಯದಲ್ಲಿ ಬಾಯಿ ಸ್ವಲ್ಪ ಉದ್ದ. ಅವರ ಸಂಬಂಧಿಕರ ಮದುವೆಯೊಂದರಲ್ಲಿ ಕೊನೆಯ ಪಂಕ್ತಿಗೆ ಬಿರಿಯಾನಿ ಸಾಲದೇ ಹೋದದ್ದನ್ನು ನಿಶ್ಚಿತಾರ್ಥದ ದಿನವೇ ಮೂರು ಸಲ ಹೇಳಿ ನಕ್ಕರು. ನನ್ನ ಮಗಳ ಮದುವೆ ಅಂಥ ಕಥೆಯಾಗಬಾರದೆಂದು ನಾನು ಅಂದೇ ಹಟ ತೊಟ್ಟೆ. ಮುನ್ನೂರು ಜನಕ್ಕೆ ಕಾರ್ಡು, ಮುನ್ನೂರು ಜನಕ್ಕೆ ಮಟನ್ ಬಿರಿಯಾನಿ, ಮಾಡುವವಳು ನಾನೇ. ಬಾಡಿಗೆ ಅಡುಗೆಯವರ ಮೇಲೆ ನನಗೆ ನಂಬಿಕೆಯಿಲ್ಲ. ನಿಜ ಹೇಳಬೇಕೆಂದರೆ ನನಗೆ ಯಾರ ಮೇಲೂ ಅಷ್ಟಾಗಿ ನಂಬಿಕೆಯಿಲ್ಲ.

ಮದುವೆಯ ವಾರ ಫೋನ್ ಬಂತು.

"ಅಕ್ಕಾ, ನಾನು ನಿಟ್ಟೂರು ಪುಟ್ಟಗಂಗಮ್ಮ. ಟೆಂಪೊ ಮಾಡ್ಕೊಂಡಿದೀವಿ. ಎಷ್ಟೊತ್ಗೆ ಬರಾನ ಅಂತ ಕೇಳಾಕೆ ಮಾಡ್ದೆ."

ಪುಟ್ಟಗಂಗಮ್ಮ ನಿಟ್ಟೂರಿನಿಂದ ಗುಬ್ಬಿ ಸಭೆಗೆ ಬರುವ ಹೆಂಗಸು. ದೀಕ್ಷಾಸ್ನಾನದಲ್ಲಿ ಮಾರ್ಥಾ ಎಂದು ಹೆಸರಿಟ್ಟರೂ ಊರಿನವರ ಬಾಯಲ್ಲಿ, ಅವಳ ಬಾಯಲ್ಲೂ, ಪುಟ್ಟಗಂಗಮ್ಮನೇ. ಅವಳಿಗೆ ನಾನು ಕಾರ್ಡು ಕೊಟ್ಟಿರಲಿಲ್ಲ.

"ಟೆಂಪೊನಾ? ಯಾರ್‍ಯಾರು ಬರ್ತಿದೀರ?" ಎಂದೆ.

"ಎಲ್ರೂವೆ! ಮೂರು ಭಾನುವಾರದಿಂದ ಪಾಸ್ಟರಯ್ಯ ಕೂಗ್ತಾವ್ರಲ್ಲ, ಮನೆಮಂದಿಯೆಲ್ಲ ಮದ್ವೆಗೆ ಬನ್ನಿ ಅಂತವ. ಕುಣಿಗಲ್‌ನೋರೂ ಹೊರಟವ್ರಂತೆ."

ಫೋನ್ ಇಟ್ಟು ಯಜಮಾನರತ್ತ ತಿರುಗಿದೆ. ನಮ್ಮ ಪಾಸ್ಟರ್ ಅಂಜನ್‌ಕುಮಾರ್ ಅವರಿಗೆ ಮೂರು ಸಭೆಗಳ ಹೊಣೆ: ಭಾನುವಾರ ಬೆಳಗ್ಗೆ ತುಮಕೂರು, ಮಧ್ಯಾಹ್ನ ಗುಬ್ಬಿ, ಸಂಜೆ ಕುಣಿಗಲ್. ಮದುವೆಯಿದ್ದರೆ ಅದರ ಪ್ರಕಟಣೆಯನ್ನು ಮೂರು ಭಾನುವಾರ ಮೂರೂ ಕಡೆ ಓದುತ್ತಾರೆ. ಯಾರದಾದರೂ ತಕರಾರಿದ್ದರೆ ಹೇಳಲಿ ಎಂಬುದಕ್ಕಷ್ಟೇ ಆ ಪ್ರಕಟಣೆ, ಊಟಕ್ಕೆ ಕರೆಯುವುದಕ್ಕಲ್ಲ. ತುಮಕೂರಿನಲ್ಲಿ ಓದಿದ್ದನ್ನು ನಾನೇ ಮುಂದಿನ ಬೆಂಚಿನಲ್ಲಿ ಕೂತು ಕೇಳಿದ್ದೆ. ಊಟದ ಸುದ್ದಿಯೇ ಇರಲಿಲ್ಲ. ಆದರೆ ಗುಬ್ಬಿಗೂ ಕುಣಿಗಲ್‌ಗೂ ಮೈಕ್ ನೋಡಿಕೊಳ್ಳಲು ಪಾಸ್ಟರ್ ಜೊತೆ ಹೋಗುವವರು ನಮ್ಮ ಯಜಮಾನರು.

"ಏನ್ರೀ ಮಾಡಿದ್ರಿ?" ಎಂದು ಕೂಗಿದೆ.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಮಗುವಿನಂತೆ ನಕ್ಕರು. "ಕಾರ್ಡ್ ಹಂಚೋಕೆ ಅಷ್ಟು ದೂರ ಯಾರು ಅಲೀತಾರೆ ರತ್ನ? ಹೆಂಗಿದ್ರೂ ಪ್ರಕಟಣೆ ಓದ್ತೀರಲ್ಲ, ಅದ್ರ ಜೊತೆಗೇ ಎಲ್ರೂ ಬನ್ನಿ ಅಂತ ಸೇರಿಸಿಬುಡಿ ಅಂದೆ. ಒಂದೇ ಸಭೆ, ಒಂದೇ ಮನೆ ಅಲ್ವೇನೇ?"

"ಆ ಒಂದೇ ಮನೆಗೆ ಅನ್ನ ಯಾರು ಹಾಕ್ತಾರೆ?"

"ತಂದೆ..."

"ಆ ಮಾತು ಪೂರ್ತಿ ಮಾಡಿದ್ರೆ ನೋಡಿ!" ಎಂದವಳೇ ಸಜ್ಜೆಯ ಮೇಲಿದ್ದ ದೊಡ್ಡ ದಬರಿಯನ್ನು ಇಳಿಸಲು ಸ್ಟೂಲ್ ಹತ್ತಿದೆ. ಮುನ್ನೂರಕ್ಕೆ ಎರಡು ದಬರಿ ಸಾಕೆಂದಿದ್ದೆ, ಈಗ ಮೂರನೆಯದೂ ಬೇಕಲ್ಲ. "ತಡಿ, ನಾನ್ ಇಳಿಸ್ತೀನಿ" ಎಂದು ಅವರು ಎದ್ದರು. ಅವರಿಗಾಗಿ ಕಾಯುತ್ತ ಕೂತರೆ ಈ ಮನೆಯಲ್ಲಿ ಯಾವ ಕೆಲಸ ಆಗಿದೆ? ನಾನು ಎಳೆದೆ. ದಬರಿ ಬಂತು, ಅದರ ಹಿಂದೆ ಸ್ಟೂಲ್ ಜಾರಿತು, ನಾನು ಬಲಗೈ ಊರಿ ಬಿದ್ದೆ.

ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಮದುವೆಗೆ ಇನ್ನೆರಡೇ ದಿನ. ತುಮಕೂರಿನಲ್ಲಿ ಒಬ್ಬ ಬಿರಿಯಾನಿ ಭಟ್ಟರೂ ಬಿಡುವಾಗಿರಲಿಲ್ಲ. ಎಲ್ಲ ಮದುವೆಗಳೂ ಆ ವಾರವೇ. ನಾನು ಮಂಚದ ಮೇಲೆ ಕೂತು ಅತ್ತೆ, ನೋವಿಗಲ್ಲ, ಸಿಟ್ಟಿಗೆ. ಗಂಡನ ಮೇಲೆ ಸಿಟ್ಟು, ದಬರಿಯ ಮೇಲೆ ಸಿಟ್ಟು, ಮೇಲೆ ಕೂತಿರುವವನ ಮೇಲೂ ಸಿಟ್ಟು. ನೋಡಿಕೊಳ್ಳುತ್ತಾನಂತೆ! ನೋಡುತ್ತ ಕೂತಿದ್ದಾನೆ, ಅಷ್ಟೇ.

ಆಗ ಪಕ್ಕದ ಮನೆಯ ಶಕುಂತಲಮ್ಮ, ಅವರ ಹಿಂದೆಯೇ ಅವರ ಯಜಮಾನರು ಚನ್ನವೀರಯ್ಯನವರು ಬಂದರು. ನಿವೃತ್ತ ಮೇಷ್ಟರು, ಹಣೆಯ ಮೇಲಿನ ವಿಭೂತಿ ಸಂಜೆಯಾದರೂ ಮಾಸುವುದಿಲ್ಲ. ಹರೆಯದಿಂದಲೂ ಮಠದ ದಾಸೋಹದಲ್ಲಿ ಸೌಟು ಹಿಡಿದವರು.

"ಊಟದ ಚಿಂತೆ ಬುಡಿ ತಾಯಿ," ಎಂದರು ಚನ್ನವೀರಯ್ಯನವರು. "ನಮ್ಮ ಹುಡುಗ್ರು ಹತ್ತು ಜನ ಬರ್ತಾರೆ. ಕೊಪ್ಪರಿಗೆ ತರುಸ್ತೀನಿ. ಅನ್ನ, ಸಾಂಬಾರು, ಎರಡು ಪಲ್ಯ, ಪಾಯಸ. ಎಷ್ಟ್ ಜನ ಬಂದ್ರೂ ಬರ್ಲಿ."

"ಬಿರಿಯಾನಿ?" ಎಂದೆ. ಕೇಳಬಾರದಿತ್ತು.

ಶಕುಂತಲಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಅದೊಂದು ನಮ್ ಕೈಲಿ ಆಗಾಕಿಲ್ಲ ರತ್ನಮ್ಮ."

ಬೀಗರ ಮುಖ ಕಣ್ಣ ಮುಂದೆ ಬಂತು. ತುಮಕೂರಿನವರು ಮದುವೆಯಲ್ಲಿ ಬರೀ ಸಾಂಬಾರು ಬಡಿಸಿದರು ಎಂದು ಮೈಸೂರೆಲ್ಲ ಮಾತಾಡುತ್ತದೆ. ಸಿಂಚನಾ ಮಾತ್ರ, "ಅಮ್ಮಾ, ಒಪ್ಕೊಳಮ್ಮ ಸಾಕು, ಪುಣ್ಯಕ್ಕೆ ಬಂದವ್ರೆ" ಎಂದು ನನ್ನ ಎಡಗೈ ಹಿಡಿದಳು. ಒಪ್ಪದೆ ನನಗೆ ಬೇರೆ ಗತಿ ಇರಲಿಲ್ಲ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಬಾಯಿ ತೆರೆದರು. ನಾನು ಒಂದು ಸಲ ನೋಡಿದೆ. ಬಾಯಿ ಮುಚ್ಚಿಕೊಂಡರು.

ಮದುವೆಯ ದಿನ ಚರ್ಚಿನ ಹಿಂದೆ ಶಾಮಿಯಾನದಡಿ ಒಲೆ ಹೂಡಿದರು. ನನ್ನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಏಳಬಾರದೆಂದು ಮಗಳು ಆಣೆ ಹಾಕಿಸಿಕೊಂಡಿದ್ದಳು. ಕೂತು ನೋಡುವುದಿದೆಯಲ್ಲ, ಅದರಂಥ ಶಿಕ್ಷೆ ಇನ್ನೊಂದಿಲ್ಲ. ಹುರುಳಿಕಾಯಿಯನ್ನು ಹೆಬ್ಬೆರಳಿನಷ್ಟು ಉದ್ದ ಹೆಚ್ಚಿದರು. ಒಗ್ಗರಣೆಗೆ ಇಂಗು ಮೊದಲು ಹಾಕಿದರು, ಸಾಂಬಾರಿಗೆ ಬೆಲ್ಲ ಕಣ್ಣಳತೆಯಲ್ಲಿ ಸುರಿದರು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಅನ್ನ. ಬಿರಿಯಾನಿಯಾದರೆ ಒಂದೇ ಸಲಕ್ಕೆ ಮಾಡಿ ಮುಚ್ಚಿಟ್ಟರೆ ಎಷ್ಟಿದೆ ಎಂದು ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ನೆಮ್ಮದಿ. ಇವರು ಮಠದ ಕ್ರಮದಂತೆ ಒಂದು ಪಂಕ್ತಿ ಉಣ್ಣುವಾಗ ಇನ್ನೊಂದು ಪಂಕ್ತಿಗೆ ಅನ್ನಕ್ಕಿಡುತ್ತಾರಂತೆ.

"ಎಲ್ಲಾ ಒಂದೇ ಸಲ ಮಾಡಿಡಿ ಚನ್ನವೀರಯ್ಯನೋರೇ, ಸಾಲದೇ ಹೋದ್ರೆ?" ಎಂದೆ.

"ಮುಂದೆ ಕೂತೋರಿಗೆ ಮೊದ್ಲು ಬಡಿಸಾಣ ತಾಯಿ. ಇನ್ನೂ ಬರ್ದೇ ಇರೋರಿಗೆ ಈಗ್ಲೇ ಯಾಕೆ ಅನ್ನ ಆರಿಸ್ಬೇಕು?" ಎಂದು ಅವರು ಕೊಪ್ಪರಿಗೆಯತ್ತ ತಿರುಗಿದರು.

ಒಳಗೆ ಆರಾಧನೆ ಮುಗಿದು ಗಂಟೆ ಬಾರಿಸಿತು. ತಾಳಿ ಕಟ್ಟುವಾಗ ಮಾತ್ರ ಹೋಗಿ ನೋಡಿ ಬಂದಿದ್ದೆ. ಊಟಕ್ಕೆ ಮುಂಚೆ ಪಾಸ್ಟರ್ ಎಲ್ಲರಿಂದಲೂ ಕರ್ತನು ಕಲಿಸಿದ ಪ್ರಾರ್ಥನೆ ಹೇಳಿಸಿದರು. ಎಂದಿನಂತೆ ಮೊದಲ ಮಾತಿಗೆ ನನ್ನ ಬಾಯಿ ತೆರೆಯಲಿಲ್ಲ. ಮೊದಲ ಪಂಕ್ತಿಯಲ್ಲಿ ಬೀಗರು ಕೂತರು. ಹುಡುಗನ ದೊಡ್ಡಪ್ಪ ಎಲೆಯನ್ನು ಆ ತುದಿಯಿಂದ ಈ ತುದಿವರೆಗೆ ನೋಡಿ, "ಮಟನ್ ತುಂಡು ಆಮೇಲೆ ಬರ್ತದಾ?" ಎಂದು ಕೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಮ್ಮ ಯಜಮಾನರು, "ಪಾಯಸ ಬರ್ತದೆ ಬೀಗರೇ" ಎಂದು ಎರಡು ಸೌಟು ಸುರಿದರು.

ಅಷ್ಟರಲ್ಲಿ ಟೆಂಪೊಗಳು ಬರತೊಡಗಿದವು. ಗುಬ್ಬಿಯದು, ನಿಟ್ಟೂರಿನದು, ಕಡಬದ್ದು, ಕುಣಿಗಲ್‌ನಿಂದ ಒಂದು ಇಡೀ ಬಸ್ಸು. ಅಜ್ಜಿಯರು, ಕಂಕುಳಲ್ಲಿ ಕೂಸುಗಳು, ಊರಿಗೆ ಬಂದಿದ್ದ ನೆಂಟರೂ ಜೊತೆಗೆ. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಮುನ್ನೂರು ಯಾವಾಗಲೋ ದಾಟಿತ್ತು. ಚನ್ನವೀರಯ್ಯನವರು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: "ಬೇಳೆ ಐತೆ, ತರಕಾರಿ ಐತೆ. ಅಕ್ಕಿ ಮುಗೀತು ತಾಯಿ. ಹುಡುಗ್ರನ್ನ ಅಂಗಡಿಗೆ ಕಳಿಸ್ದೆ, ಇವತ್ತು ವಾರದ ರಜ, ಮಂಡಿ ಬಾಗ್ಲು ಹಾಕೈತೆ. ಒಂದೆರಡು ಸಣ್ಣ ಅಂಗಡಿ ತೆಗೆದವಂತೆ, ಅದು ಯಾತಕ್ಕೂ ಸಾಲಲ್ಲ."

ಹೊರಗೆ ಅರ್ಧದಷ್ಟು ಜನ ಇನ್ನೂ ನಿಂತಿದ್ದರು. ಒಳಗೆ ಬೀಗರು ಎಲೆಯಡಿಕೆ ಹಾಕಿಕೊಂಡು ಸುತ್ತಲೂ ನೋಡುತ್ತಿದ್ದರು. ಸಾಲದೇ ಹೋದ ಊಟದ ಕಥೆಯನ್ನು ಇನ್ನು ಮುಂದೆ ನನ್ನ ಮಗಳ ಹೆಸರಿನಲ್ಲೇ ಹೇಳುತ್ತಾರೆ, ಅವಳು ಆ ಮನೆಯಲ್ಲಿ ಕೂತು ಕೇಳಿಸಿಕೊಳ್ಳಬೇಕು. ನಾನು ಆಣೆಯನ್ನೂ ಮರೆತು ಎದ್ದು ನಿಂತೆ. ನಿಂತು ಮಾಡುವುದೇನು? ಬಚ್ಚಿಟ್ಟ ಅಕ್ಕಿಯ ಗಂಟು ಯಾವ ಹುಲ್ಲಿನಡಿಯೂ ಇರಲಿಲ್ಲ.

"ಅಕ್ಕಾ, ಇದ್ನ ಎಲ್ಲಿ ಇಳಿಸಾನ?"

ತಿರುಗಿದರೆ ಪುಟ್ಟಗಂಗಮ್ಮ. ಅವಳ ಹಿಂದೆ ಗುಬ್ಬಿಯ ಹೆಂಗಸರು, ಅವರ ಹಿಂದೆ ಕುಣಿಗಲ್‌ನವರು. ತಲೆಯ ಮೇಲೆ, ಸೊಂಟದ ಮೇಲೆ ಚೀಲಗಳು.

"ಏನೇ ಅದು?"

"ಹಿಡಿ ಅಕ್ಕಿ. ಎರಡೂ ಸಂಘದ್ದು. ಕಾರ್ಡ್ ಕೊಟ್ಟು ಕರೆದ್ರೆ ಬರಿಗೈಲಿ ಬರಬೌದು. ದೇವ್ರ ಮನೇಲಿ ನಿಂತ್ಕಂಡು ಕೂಗಿ ಕರೆದ ಮದ್ವೆಗೆ ಅಂಗೆ ಬರಾಕಾಯ್ತದಾ?" ಎಂದು ಚೀಲವನ್ನು ನನ್ನ ಕಾಲ ಬಳಿ ಇಳಿಸಿ ಬಾಯಿ ಬಿಚ್ಚಿದಳು.

ನಾನು ಬಗ್ಗಿ ನೋಡಿದೆ. ಸಣ್ಣದು, ದಪ್ಪದು, ಬಿಳಿಯದು, ಕಂದು ಗೆರೆಯದು, ನುಚ್ಚು. ಮೂರು ಸಭೆಗಳಲ್ಲಿ ವರ್ಷಗಟ್ಟಲೆ ನಾನು ಯಾವುದನ್ನು ಬೈದಿದ್ದೆನೋ ಅದೇ ಬೆರಕೆ ಅಕ್ಕಿ, ಚೀಲಗಟ್ಟಲೆ. ಅಲ್ಲ, ಮೇಲೆ ಕೂತಿರುವವನು ಕಳಿಸುವುದೇ ಆದರೆ ಒಂದೇ ತರದ ಅಕ್ಕಿ ಕಳಿಸಬಾರದಿತ್ತೇ? ಕೈ ಮುರಿದವಳ ಜೊತೆ ಇದೆಂಥ ಚೇಷ್ಟೆ?

ಚನ್ನವೀರಯ್ಯನವರು ಒಂದು ಮುಷ್ಟಿ ಎತ್ತಿ ನೋಡಿ ಮುಖ ಸಣ್ಣದು ಮಾಡಿದರು. "ಇದು ಅನ್ನ ಆಗಾಕಿಲ್ಲ ತಾಯಿ. ಒಂದು ಬೇಯೋ ಹೊತ್ಗೆ ಒಂದು ಕರಗ್ತದೆ."

"ಅನ್ನ ಯಾರು ಮಾಡಿ ಅಂದ್ರು?" ಎಂದು ಕೂಗಿದೆ. ಅಷ್ಟು ಹೊತ್ತು ಒಳಗೆ ಕುದಿಯುತ್ತಿದ್ದದ್ದೆಲ್ಲ ಹೊರಬಂತು. "ಬೇಳೆ ಇದೆ, ತರಕಾರಿ ಇದೆ. ಬಿಸಿಬೇಳೆಬಾತ್ ಮಾಡಿ! ಅದ್ರಲ್ಲಿ ಕರಗಬೇಕಾದ್ದು ಕರಗಲಿ, ಉಳಿಯೋದು ಉಳೀಲಿ. ನೀರು ಜಾಸ್ತಿ ಇಡಿ. ದಪ್ಪ ಕಾಳು ಬೇಯೋವರೆಗೂ ಇಳಿಸ್ಬೇಡಿ. ಪುಟ್ಟಗಂಗಮ್ಮ, ಕಲ್ಲು ಆರಿಸ್ರೇ ಎಲ್ರೂ! ಶಕುಂತಲಮ್ಮ, ಆ ಬೆಲ್ಲದ ಡಬ್ಬಿ ನಿಮ್ಮ ಯಜಮಾನ್ರ ಕೈಗೆ ಕೊಡ್ಬೇಡಿ!"

ನಿಟ್ಟೂರಿನ ಹೆಂಗಸರು ಒಂದು ಕಡೆ, ಮಠದ ಹುಡುಗರು ಒಂದು ಕಡೆ, ನಡುವೆ ನಾನು ಪ್ಲಾಸ್ಟರಿನ ಕೈ ಬೀಸುತ್ತ. ಕೊಪ್ಪರಿಗೆಯಿಂದ ಪರಿಮಳ ಎದ್ದಾಗ ಊಟ ಮುಗಿಸಿದ್ದ ಹುಡುಗನ ದೊಡ್ಡಪ್ಪನೇ ಒಳಗೆ ಬಂದು, "ಇದು ನಮಗೆ ಹಾಕ್ಲೇ ಇಲ್ವಲ್ಲ" ಎಂದು ದೊನ್ನೆ ಚಾಚಿದರು. ಎರಡನೆಯ ದೊನ್ನೆಗೂ ಬಂದರು. ಕೊನೆಯ ಟೆಂಪೊದ ಡ್ರೈವರ್‌ವರೆಗೆ ಎಲ್ಲರೂ ಉಂಡರು.

ಬಿಸಿಲು ಇಳಿಯುವ ಹೊತ್ತಿಗೆ ಶಾಮಿಯಾನ ಖಾಲಿಯಾಯಿತು. ಮಗಳನ್ನು ಕಳಿಸಿಕೊಟ್ಟಾಗಿತ್ತು. ಯಜಮಾನರು ಟೆಂಪೊಗಳಿಗೆ ಕೈಬೀಸುತ್ತ ಗೇಟಿನಲ್ಲಿ ನಿಂತಿದ್ದರು. ಆಗ ನೆನಪಾಯಿತು, ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಇಷ್ಟು ಜನಕ್ಕೆ ಒದಗಿಸಿದವನಿಗೆ ನಾನೊಬ್ಬಳು ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಹೊಟ್ಟೆಯ ಜೊತೆ ಮನಸ್ಸೂ ಉರಿಯಿತು.

ಚನ್ನವೀರಯ್ಯನವರು ಕೊಪ್ಪರಿಗೆಯ ತಳ ಕೆರೆದು ಒಂದು ತಟ್ಟೆಗೆ ಹಾಕಿಕೊಂಡು ನನ್ನ ಮುಂದೆ ಮಣೆಯ ಮೇಲೆ ಕೂತರು. ತುಪ್ಪ ಹಾಕಿ ಕಲಸಿದರು. "ಕೈ ಒಡ್ಡವ್ವ," ಎಂದರು.

"ಬಲಗೈ ಆಗಲ್ವಲ್ಲ. ಎಡಗೈಲಿ ಹೆಂಗೆ..."

"ಇರೋ ಕೈ ಒಡ್ಡು ಮಗಳೇ."

ಒಡ್ಡಿದೆ. ಕರ್ತನ ಭೋಜನ ಸಂಸ್ಕಾರದ ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಕೊಡುವ ರೊಟ್ಟಿಗೆ ಕೈ ಚಾಚುವ ಹಾಗೆ. ಅವರು ಒಂದು ತುತ್ತು ಉಂಡೆ ಕಟ್ಟಿ ಅಂಗೈಯಲ್ಲಿಟ್ಟರು. ಬೆಳದಿಂಗಳಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅಪ್ಪಂದಿರು ಕೈತುತ್ತು ಹಾಕುವುದನ್ನು ಕಡಬದಲ್ಲಿ ಬೇರೆಯವರ ಜಗಲಿಯ ಮೇಲೆ ನಾನು ನೋಡಿದ್ದೆ. ನನ್ನ ಅಂಗೈಗೆ ಬಿದ್ದದ್ದು ಇದೇ ಮೊದಲು. ಬಾಯಿಗಿಟ್ಟರೆ ಒಂದು ಕಾಳು ಕರಗಿತ್ತು, ಒಂದು ಕಾಳು ಹಲ್ಲಿಗೆ ಸಿಕ್ಕಿತು. ಯಾರ ಮನೆಯ ಡಬ್ಬಿಯದೋ. ನನ್ನಿಂದ ಬೈಸಿಕೊಂಡೇ ಹಿಡಿ ಹಿಡಿಯಾಗಿ ಎತ್ತಿಟ್ಟವರ ಅಕ್ಕಿ ಅದು. ಮದುವೆ ಗೊತ್ತಾಗುವುದಕ್ಕೂ ಮುಂಚಿನಿಂದ, ನಾನು ಕೇಳುವುದಕ್ಕೂ ಮುಂಚಿನಿಂದ ಒಟ್ಟಾಗುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅಳುವುದಕ್ಕೂ ನನಗೆ ಸಿಟ್ಟು ಬಂತು.

"ಉಪ್ಪು ಕಮ್ಮಿಯಾಗಿದೆ," ಎಂದೆ.

"ಆಗ್ಲಿ ಬುಡು," ಎಂದು ಅವರು ಇನ್ನೊಂದು ತುತ್ತು ಕಟ್ಟಿದರು.

ಮಾರನೆಯ ದಿನ ಮನೆಯಲ್ಲಿ ನಾವಿಬ್ಬರೇ. ಅನ್ನಕ್ಕಿಡಲು ಅಕ್ಕಿಯ ಡಬ್ಬಿ ತೆಗೆದೆ. ಎಡಗೈಯಲ್ಲಿ ಒಂದು ಹಿಡಿ ಎತ್ತಿ ದೇವರ ಪಾಲಿನ ಡಬ್ಬಿಗೆ ಹಾಕುವಾಗ ಅರ್ಧ ನೆಲಕ್ಕೆ ಚೆಲ್ಲಿತು. ಬಗ್ಗಿ ಆರಿಸುವುದಕ್ಕೂ ಆಗದು. ನನಗೆ ತಡೆಯಲಾಗಲಿಲ್ಲ.

"ಅಲ್ಲಪ್ಪಾ," ಎಂದೆ, ಗೋಡೆಯ ಕಡೆ ನೋಡಿ, ಗಟ್ಟಿಯಾಗಿಯೇ. "ಎಲ್ಲಾ ನೀನೇ ಮಾಡಿದೆ, ಸರಿ. ಯಾರೂ ಹಸಿದು ಹೋಗಲಿಲ್ಲ, ಅದೂ ಸರಿ. ನನ್ನ ಕೈ ಮುರೀದೇ ಮಾಡೋಕೆ ಆಗ್ತಿರಲಿಲ್ವಾ ನಿನಗೆ? ಒಂದು ಮಾತು ಮೊದಲೇ ಹೇಳಿದ್ರೆ ಏನಾಗ್ತಿತ್ತಪ್ಪಾ?"

ನಡುಮನೆಯಲ್ಲಿ ಸ್ಕ್ರೂಡ್ರೈವರಿನ ಸದ್ದು ನಿಂತಿತು. "ಯಾರ ಹತ್ರ ಮಾತಾಡ್ತಿದೀಯ ರತ್ನ?" ಎಂದು ಯಜಮಾನರು ಕೇಳಿದರು.

"ನಿಮ್ಮ ಹತ್ರ ಅಲ್ಲ, ಸುಮ್ನಿರಿ," ಎಂದೆ. ನನ್ನ ಬಾಯಿಂದ ಬಂದ ಮಾತು ಯಾವುದೆಂದು ಆಗ ನನಗೆ ಕೇಳಿಸಿತು. ಕೇಳಿಸಿದ ಮೇಲೂ ನಿಲ್ಲಿಸಲಿಲ್ಲ. ಅಪ್ಪನ ಹತ್ತಿರ ಹೇಳಿಕೊಳ್ಳುವುದು ಇನ್ನೂ ಬಹಳ ಇತ್ತು.